ಓಪನ್‌ವೀಲ್ ಗಾಡಿ ಕಟ್ಟುವ ಮುನ್ನ: ಯಾವ ಭಾಗ ಯಾವ ಸಾವಿನಿಂದ ಬಂತು

ಹುಬ್ಬಳ್ಳಿ-ಧಾರವಾಡದ ಇಂಜಿನಿಯರಿಂಗ್ ಕಾಲೇಜಿನ ವರ್ಕ್‌ಶಾಪಿನಲ್ಲೋ, ಗೋಕುಲ ರಸ್ತೆ, ತಾರಿಹಾಳದ ಶೆಡ್ಡಿನಲ್ಲೋ ಸ್ಪರ್ಧೆಗೆಂದು ಒಂಟಿ ಸೀಟಿನ, ಚಕ್ರಗಳ ಮೇಲೆ ಮಡ್‌ಗಾರ್ಡ್ ಇಲ್ಲದ ಗಾಡಿ ಕಟ್ಟುವವರಿಗಾಗಿ ಇದನ್ನು ಬರೆದದ್ದು. ಇಂಥ ಗಾಡಿಗೆ ನಿಯಮ ಪುಸ್ತಕ ದಪ್ಪ ಇರುತ್ತದೆ. ಪೈಪಿನ ದಪ್ಪ ಇಷ್ಟೇ ಯಾಕೆ, ಬೆಲ್ಟು ಈ ಕೋನದಲ್ಲೇ ಯಾಕೆ ಎಂದು ಅದರಲ್ಲಿ ಬರೆದಿರುವುದಿಲ್ಲ. ಕಾರಣ ತಿಳಿಯದವರು ಮೊದಲು ಕೈಬಿಡುವುದೂ ಅಂಥ ನಿಯಮಗಳನ್ನೇ. ಆ ಕಾರಣಗಳಲ್ಲಿ ಬಹುಪಾಲು ಅಮೆರಿಕದ ಹಳೆಯ ರೇಸ್ ಟ್ರ್ಯಾಕುಗಳಲ್ಲಿ, 1909 ರಿಂದ 1964 ರ ನಡುವೆ, ಜನ ಸತ್ತು ತಿಳಿದದ್ದು. ಹಾಗಾಗಿ ಇಲ್ಲಿ ಗಾಡಿಯ ಒಂದೊಂದು ಭಾಗವನ್ನೂ ಅದನ್ನು ಕಡ್ಡಾಯ ಮಾಡಿದ ಅವಘಡದ ಜೊತೆಗೇ ಇಟ್ಟಿದೆ. ಅಳತೆಗಳು ಕಾಲೇಜು ಮಟ್ಟದ ಫಾರ್ಮುಲಾ ಸ್ಪರ್ಧೆಗಳಲ್ಲಿ ಬಳಕೆಯಲ್ಲಿರುವಂಥವು. ನೀವು ಹೋಗುವ ಸ್ಪರ್ಧೆಯ ಆ ವರ್ಷದ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಹಿಡಿಯಿರಿ.

ಬೆಲ್ಟು ಮತ್ತು ಹೂಪು: ಎರಡೂ ಇರಬೇಕು

ಮೊದಲ ದಶಕಗಳ ಚಾಲಕರು ಬೆಲ್ಟು ಕಟ್ಟುತ್ತಿರಲಿಲ್ಲ. ಗಾಡಿ ಪಲ್ಟಿಯಾದರೆ ಹೊರಗೆ ಎಸೆಯಲ್ಪಡುವುದೇ ಬದುಕುವ ದಾರಿ ಎಂದು ನಂಬಿದ್ದರು. ಇಂದು ಕೇಳಲು ವಿಚಿತ್ರ, ಆದರೆ ಅವರ ಲೆಕ್ಕದಲ್ಲಿ ಅರ್ಥವಿತ್ತು. ಆ ಗಾಡಿಗಳಲ್ಲಿ ಚಾಲಕನ ಎದೆಯಿಂದ ಮೇಲಿನದೆಲ್ಲ ಬಯಲಿನಲ್ಲಿರುತ್ತಿತ್ತು. ಗಾಡಿ ಮಗುಚಿದರೆ ನೆಲಕ್ಕೆ ಮೊದಲು ತಾಗುವುದು ಅವನ ತಲೆ. ಅಂಥ ಗಾಡಿಗೆ ಮನುಷ್ಯನನ್ನು ಕಟ್ಟಿಹಾಕಿದರೆ ಅವನನ್ನೇ ಗಾಡಿಯ ಕಂಬ ಮಾಡಿದಂತೆ. ಅಮೆರಿಕದ ಇಂಡಿಯಾನಾಪೊಲಿಸ್ ಟ್ರ್ಯಾಕಿನಲ್ಲಿ 1958 ರ ಓಟದ ಮೊದಲ ಸುತ್ತಿನಲ್ಲೇ ಹಲವು ಗಾಡಿಗಳು ಒಂದಕ್ಕೊಂದು ಬಡಿದವು. ಪ್ಯಾಟ್ ಓ'ಕಾನರ್ ಅವರ ಗಾಡಿ ಮೇಲೆ ಹಾರಿ ತಲೆಕೆಳಗಾಗಿ ಬಿತ್ತು, ಅವರು ತೀರಿಕೊಂಡರು. ಮರುವರ್ಷ, 1959 ರಲ್ಲಿ, ಅಲ್ಲಿ ರೋಲ್ ಬಾರ್, ಅಂದರೆ ಗಾಡಿ ಮಗುಚಿದಾಗ ಚಾಲಕನ ತಲೆಯ ಬದಲು ತಾನು ನೆಲಕ್ಕೆ ತಾಗುವ ಬಾಗಿದ ಪೈಪು, ಕಡ್ಡಾಯವಾಯಿತು. ನಿಮ್ಮ ಗಾಡಿಯಲ್ಲಿ ಹೂಪು ಎನ್ನುವುದು ಅದನ್ನೇ.

ಇದರಿಂದ ನಿಮ್ಮ ಗಾಡಿಗೆ ಬರುವ ನಿಯಮ ಒಂದೇ: ಹೂಪಿಲ್ಲದೆ ಬೆಲ್ಟು ಬೇಡ, ಬೆಲ್ಟಿಲ್ಲದೆ ಹೂಪು ಬೇಡ. ಸೀಟು ಸರಿಹೋಗುತ್ತದೋ ನೋಡಲು "ಬರೀ ಒಂದು ರೌಂಡು" ಎಂದು ಅರ್ಧ ಕಟ್ಟಿದ ಚಾಸಿಯನ್ನು ಓಡಿಸುವ ಚಾಳಿ ಎಲ್ಲ ಶೆಡ್ಡುಗಳಲ್ಲೂ ಇದೆ. ಎರಡೂ ಕೂಡುವವರೆಗೆ ಇಂಜಿನ್ ಚಾಲೂ ಮಾಡಿ ಗೇರಿಗೆ ಹಾಕಬೇಡಿ. ತಳ್ಳಿ ನೋಡಿ.

ಹೂಪಿನ ಪೈಪು. ಚಾಲಕನ ಹಿಂದಿನ ಮುಖ್ಯ ಹೂಪಿಗೂ ಸ್ಟೀರಿಂಗ್ ಬಳಿಯ ಮುಂದಿನ ಹೂಪಿಗೂ 25.4 ಮಿ.ಮೀ. ಹೊರವ್ಯಾಸ, 2.4 ಮಿ.ಮೀ. ಗೋಡೆಯ ಉಕ್ಕಿನ ಪೈಪು ಬೇಕು. ಪಕ್ಕದ ಪೆಟ್ಟು ತಡೆಯುವ ಪೈಪು ಮತ್ತು ಆಧಾರ ಪೈಪುಗಳಿಗೆ 1.65 ಮಿ.ಮೀ. ಗೋಡೆ ಸಾಕು. ಅಂಗಡಿಯಲ್ಲಿ "ಒಂದಿಂಚಿನ ಪೈಪು" ಎಂದಷ್ಟೇ ಕೇಳಿದರೆ ನೀರಿನ ಲೈನಿನ ಜಿಐ ಪೈಪು ಕೊಡುತ್ತಾರೆ. ಅದರ ಒಂದಿಂಚು ಒಳವ್ಯಾಸದ ಲೆಕ್ಕ, ಹೊರಗೆ ಅಳೆದರೆ 33 ಮಿ.ಮೀ. ದಾಟುತ್ತದೆ. ಸತುವಿನ ಲೇಪದ ಮೇಲೆ ವೆಲ್ಡ್ ಮಾಡಿದರೆ ಜೋಡಣೆಯೊಳಗೆ ಗುಳ್ಳೆ ಏಳುತ್ತವೆ, ಹೊಗೆ ಕುಡಿದವರಿಗೆ ಜ್ವರ ಬರುತ್ತದೆ. ಸೀಮ್‌ಲೆಸ್ ಪೈಪು ಕೇಳಿ, ಮಿಲ್ ಟೆಸ್ಟ್ ಸರ್ಟಿಫಿಕೇಟು ಕೇಳಿ, ವರ್ನಿಯರ್ ಕ್ಯಾಲಿಪರ್ ಜೇಬಿನಲ್ಲಿಟ್ಟುಕೊಂಡು ಹೋಗಿ ಎರಡೂ ತುದಿಯಲ್ಲಿ ಗೋಡೆ ಅಳೆಯಿರಿ.

ಮುಖ್ಯ ಹೂಪು ಒಂದೇ ಅಖಂಡ ಪೈಪಿನದಾಗಿರಬೇಕು, ನಡುವೆ ಜೋಡು ಇರಕೂಡದು. ಬಾಗಿನ ತ್ರಿಜ್ಯ ಪೈಪಿನ ವ್ಯಾಸದ ಮೂರು ಪಟ್ಟಿಗಿಂತ ಕಡಿಮೆ ಬೇಡ. 25.4 ಕ್ಕೆ ಸುಮಾರು 76 ಮಿ.ಮೀ. ಆಯಿತು. ಸಾದಾ ಹೈಡ್ರಾಲಿಕ್ ಬೆಂಡರಿನಲ್ಲಿ ಒತ್ತಿದರೆ ಬಾಗಿನ ಒಳಮೈ ಸುಕ್ಕುಗಟ್ಟುತ್ತದೆ, ಪೈಪು ಮೊಟ್ಟೆಯಾಕಾರ ತಾಳುತ್ತದೆ. ಸುಕ್ಕು ಬಿದ್ದ ಹೂಪನ್ನು ಗ್ರೈಂಡರ್ ಹಿಡಿದು ಸಾಪು ಮಾಡಿದರೆ ಅಲ್ಲಿ ಗೋಡೆ ಇನ್ನಷ್ಟು ತೆಳುವಾಗುತ್ತದೆ. ಅದನ್ನು ಗುಜರಿಗೆ ಹಾಕಿ, ಮ್ಯಾಂಡ್ರೆಲ್ ಬೆಂಡರ್ (ಪೈಪಿನೊಳಗೆ ಸಲಾಕೆ ತೂರಿಸಿ ಬಾಗಿಸುವ ಯಂತ್ರ) ಇರುವ ಕಡೆ ಹೊಸದು ಮಾಡಿಸಿ. ಆಧಾರ ಪೈಪುಗಳು ಹೂಪಿನ ಮೇಲ್ತುದಿಯಿಂದ 160 ಮಿ.ಮೀ. ಒಳಗೇ ಬಂದು ಸೇರಬೇಕು, ಹೂಪಿಗೂ ಅವಕ್ಕೂ ನಡುವಿನ ಕೋನ ಕನಿಷ್ಠ 30 ಡಿಗ್ರಿ. ಕೆಳಗೆ ಸೇರಿಸಿದರೆ ಪಲ್ಟಿಯಾದಾಗ ಹೂಪಿನ ಮೇಲ್ಭಾಗ ಕಬ್ಬಿನ ಗಳದಂತೆ ಮಡಚುತ್ತದೆ.

ವೆಲ್ಡಿಂಗ್ ಪರೀಕ್ಷೆಗೆ ಪ್ರಯೋಗಾಲಯ ಬೇಕಿಲ್ಲ. ಅದೇ ಪೈಪಿನ ತುಂಡುಗಳನ್ನು ಅದೇ ವೆಲ್ಡರ್ ಕೈಯಲ್ಲಿ, ಅದೇ ಆಂಪಿಯರಿನಲ್ಲಿ 'ಟಿ' ಆಕಾರಕ್ಕೆ ಜೋಡಿಸಿ. ವೈಸಿಗೆ ಸಿಗಿಸಿ, ಉದ್ದ ಪೈಪು ತೂರಿಸಿ ಮುರಿಯುವತನಕ ಬಗ್ಗಿಸಿ. ಪೈಪು ಹರಿದರೆ ಜೋಡು ಗಟ್ಟಿ. ವೆಲ್ಡಿನ ಗೆರೆಯಲ್ಲೇ ಬಿಟ್ಟುಕೊಂಡರೆ ಕರಗುವಿಕೆ ಒಳಗೆ ಇಳಿದಿಲ್ಲ. ಕ್ರೋಮೊಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಉಕ್ಕು) ಪೈಪಾದರೆ ಟಿಗ್ ವೆಲ್ಡಿಂಗ್ ಮಾಡಿಸಿ, ಬಿಸಿಯಿರುವಾಗ ನೀರು ಹಾಕಬೇಡಿ, ತಾನಾಗಿ ಆರಲಿ. ನೀರು ಬಿದ್ದ ಜೋಡು ಗಾಜಿನಂತೆ ಸಿಡಿಯುತ್ತದೆ. ವೆಲ್ಡಿನ ಗೆರೆಯನ್ನು ಚೆಂದ ಕಾಣಲೆಂದು ತಿಕ್ಕಿ ಸಮ ಮಾಡಿ ಬಣ್ಣ ಹೊಡೆಯುವುದು ಎಲ್ಲಕ್ಕಿಂತ ಕೆಟ್ಟ ಕೆಲಸ. ಪರೀಕ್ಷಕರಿಗೆ ಬಿರುಕೂ ಕಾಣುವುದಿಲ್ಲ.

ತಲೆಯ ಎತ್ತರಕ್ಕೆ ದಾರ ಪರೀಕ್ಷೆ ಮಾಡಿ. ತಂಡದ ಅತಿ ಎತ್ತರದ ಚಾಲಕ ಹೆಲ್ಮೆಟ್ ಹಾಕಿ ಬೆಲ್ಟು ಬಿಗಿದು ಕೂಡಲಿ. ಮುಖ್ಯ ಹೂಪಿನ ಮೇಲ್ತುದಿಯಿಂದ ಮುಂದಿನ ಹೂಪಿನ ಮೇಲ್ತುದಿಗೆ ದಾರ ಬಿಗಿಯಾಗಿ ಎಳೆಯಿರಿ. ದಾರಕ್ಕೂ ಹೆಲ್ಮೆಟ್ಟಿಗೂ ನಡುವೆ ಕನಿಷ್ಠ 50 ಮಿ.ಮೀ. ಇರಬೇಕು. ಮೂರು ಬೆರಳು ತೂರುವಷ್ಟು ಎನ್ನಿ.

ಬೆಲ್ಟು ಆರು ಬಿಂದುವಿನದು, ಅಂದರೆ ಗಾಡಿಗೆ ಆರು ಕಡೆ ಕಟ್ಟುವಂಥದು. ಗುಜರಿ ಕಾರಿನಿಂದ ಬಿಚ್ಚಿ ತಂದ ಮೂರು ಬಿಂದುವಿನ ಬೆಲ್ಟು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಪಲ್ಟಿಯಲ್ಲಿ ದೇಹ ಅದರಿಂದ ಜಾರುತ್ತದೆ. ಭುಜದ ಪಟ್ಟಿ ಹಿಂದಕ್ಕೆ ಹೋಗುವಾಗ ಸಮತಲದಿಂದ 10 ಡಿಗ್ರಿ ಮೇಲಕ್ಕಿಂತ, 20 ಡಿಗ್ರಿ ಕೆಳಗಿಗಿಂತ ಹೆಚ್ಚು ವಾಲಬಾರದು. ಕೆಳಗೆ ಕಟ್ಟಿದರೆ ಪೆಟ್ಟು ಬಿದ್ದಾಗ ಪಟ್ಟಿ ಭುಜವನ್ನು ಕೆಳಕ್ಕೆ ಒತ್ತಿ ಬೆನ್ನೆಲುಬನ್ನು ಅಮುಕುತ್ತದೆ. ಸೊಂಟದ ಪಟ್ಟಿ ಮೂಳೆಯ ಮೇಲಿರಲಿ, ಹೊಟ್ಟೆಯ ಮೇಲೆ ಬೇಡ. ಬೆಲ್ಟಿನ ಲೇಬಲ್ ಮೇಲೆ ರೇಸಿಂಗ್ ಸುರಕ್ಷತೆಯ ಮಟ್ಟ ಗೊತ್ತುಮಾಡುವ ಸಂಸ್ಥೆಯ ಗುರುತೂ ತಾರೀಖೂ ಇರುತ್ತವೆ, ಓದಿ: ಎಸ್‌ಎಫ್‌ಐ ಗುರುತಿನದು ಎರಡು ವರ್ಷ, ಎಫ್‌ಐಎ ಗುರುತಿನದು ಐದು ವರ್ಷ. ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ ಶೆಡ್ಡಿನ ಹೊರಗೆ ನಿಂತ ಗಾಡಿಯ ಬೆಲ್ಟು ಅದಕ್ಕೂ ಮೊದಲೇ ಬಣ್ಣಗೆಡುತ್ತದೆ. ಬಣ್ಣ ಬಿಟ್ಟ ಪಟ್ಟಿ ಎಂದರೆ ಬಲ ಬಿಟ್ಟ ಪಟ್ಟಿ. ಗಾಡಿಗೆ ತಾಡಪತ್ರಿ ಹೊದಿಸಿ ಇಡಿ.

ಇನ್ನು ಹೆಲ್ಮೆಟ್. ಅಮೆರಿಕದ ಚಾಲಕರು ದಶಕಗಳ ಕಾಲ ಬಟ್ಟೆಯ, ಚರ್ಮದ ಟೋಪಿಯಲ್ಲಿ ಓಡಿಸಿದರು. ಇಂಡಿಯಾನಾಪೊಲಿಸ್‌ನಲ್ಲಿ ಗಟ್ಟಿ ಹೆಲ್ಮೆಟ್ ಕಡ್ಡಾಯವಾದದ್ದು 1935 ರಲ್ಲಿ. ಸ್ಪರ್ಧೆಗೆ, ಕಾರು ರೇಸಿನ ಹೆಲ್ಮೆಟ್ಟಿಗೆಂದೇ ಕೊಡುವ ಸ್ನೆಲ್ ಎಸ್‌ಎ ಅಥವಾ ಎಫ್‌ಐಎ ಗುರುತಿನದು ಬೇಕು, ಏಕೆಂದರೆ ಅದರ ಒಳಪದರು ಬೆಂಕಿಗೆ ಬೇಗ ಹತ್ತುವುದಿಲ್ಲ. ಬೈಕಿನ ಹೆಲ್ಮೆಟ್ಟಿಗೆ ಆ ಗುಣವಿಲ್ಲ. ಒಮ್ಮೆ ನೆಲಕ್ಕೆ ಜೋರಾಗಿ ಬಿದ್ದದ್ದನ್ನು ಮತ್ತೆ ಬಳಸಬೇಡಿ.

ಟೈರು, ಚಕ್ರ

1911 ರ ಮೇ 30 ರಂದು ನಡೆದ ಮೊದಲ ಇಂಡಿಯಾನಾಪೊಲಿಸ್ 500, ಅಂದರೆ 500 ಮೈಲಿಯ ಓಟ, ಗೆದ್ದವರು ರೇ ಹ್ಯಾರೂನ್. ಸುಮಾರು 805 ಕಿ.ಮೀ. ದೂರವನ್ನು ಗಂಟೆಗೆ 120 ಕಿ.ಮೀ. ಸರಾಸರಿಯಲ್ಲಿ ಮುಗಿಸಿದರು. ಅದಕ್ಕಿಂತ ಜೋರು ಹೋದರೆ ಟೈರು ಬೇಗ ಸವೆಯುತ್ತದೆ ಎಂಬ ಲೆಕ್ಕ ಹಾಕಿ ಅವರು ಉದ್ದೇಶಪೂರ್ವಕವಾಗಿ ವೇಗ ತಡೆದು ಓಡಿಸಿದ್ದರು. ಮುಂದಿನ ವರ್ಷ ಮಿಲ್ವಾಕಿಯಲ್ಲಿ ಅಭ್ಯಾಸದ ವೇಳೆ ಡೇವಿಡ್ ಬ್ರೂಸ್-ಬ್ರೌನ್ ಅವರ ಗಾಡಿಯ ಟೈರು ಸಿಡಿಯಿತು. ಅವರೂ ಜೊತೆಗಿದ್ದ ಮೆಕ್ಯಾನಿಕ್ಕೂ ಉಳಿಯಲಿಲ್ಲ.

ನಿಮ್ಮ ಟೈರಿನ ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತವೆ. 3219 ಎಂದಿದ್ದರೆ 2019 ರ 32ನೇ ವಾರದಲ್ಲಿ ತಯಾರಾದದ್ದು. ಐದು ವರ್ಷ ದಾಟಿದ್ದನ್ನು, ಕಚ್ಚು ಎಷ್ಟೇ ಚೆನ್ನಾಗಿದ್ದರೂ, ಬಿಡಿ. ರಿಸೋಲ್ ಮಾಡಿಸಿದ ಟೈರು ಖಂಡಿತ ಬೇಡ. ತಿರುವಿನಲ್ಲಿ ಪಕ್ಕಕ್ಕೆ ಎಳೆತ ಬಿದ್ದಾಗ ಮೇಲಿನ ಪದರು ಸಿಪ್ಪೆಯಂತೆ ಬಿಚ್ಚಿಕೊಳ್ಳುತ್ತದೆ. ರಸ್ತೆ ಟೈರನ್ನು 300 ಕಿಲೋ ಆಸುಪಾಸಿನ ಗಾಡಿಗೆ ಹಾಕಿದ್ದರೆ ತಣ್ಣಗಿರುವಾಗ 20-24 ಪಿಎಸ್‌ಐಯಿಂದ ಶುರು ಮಾಡಿ. ಪೆಟ್ರೋಲ್ ಬಂಕಿನ ಮೀಟರನ್ನು ನಂಬದೆ ಸ್ವಂತ ಗೇಜು ಇಟ್ಟುಕೊಳ್ಳಿ, ನಾಲ್ಕೂ ಟೈರನ್ನು ಅದೇ ಗೇಜಿನಿಂದ ಅಳೆಯಿರಿ.

ಚಕ್ರದ ನಟ್ಟುಗಳನ್ನು ಟಾರ್ಕ್ ಪಾನಾದಿಂದಲೇ (ಬಿಗಿತವನ್ನು ಅಳೆದು ತೋರಿಸುವ ಪಾನಾ) ಬಿಗಿಯಬೇಕು. ಉಕ್ಕಿನ ರಿಮ್ಮಿಗೆ ಎಂ12 ನಟ್ಟಾದರೆ 80 ರಿಂದ 100 ನ್ಯೂಟನ್ ಮೀಟರ್. ಕಾಲಿನಿಂದ ಒದ್ದು ಬಿಗಿದರೆ ಸ್ಟಡ್ಡು ಎಳೆದುಕೊಂಡು ಮುಂದೊಂದು ದಿನ ತುಂಡಾಗುತ್ತದೆ. ಹೊಸ ಬಣ್ಣ ಹೊಡೆದ ರಿಮ್ಮಾದರೆ ಮೊದಲ ಹತ್ತು ನಿಮಿಷದ ಓಟದ ನಂತರ ಮತ್ತೆ ಬಿಗಿಯಿರಿ, ಬಣ್ಣ ಅಮುಕಿ ನಟ್ಟು ಸಡಿಲಾಗಿರುತ್ತದೆ. 1931 ರಲ್ಲಿ ಬಿಲ್ಲಿ ಆರ್ನಲ್ಡ್ ಅವರ ಗಾಡಿ ಅಪಘಾತಕ್ಕೀಡಾದಾಗ ಕಳಚಿದ ಒಂದು ಚಕ್ರ ಟ್ರ್ಯಾಕಿನ ಬೇಲಿ ದಾಟಿ, ಹೊರಗಿನ ರಸ್ತೆಯ ಆಚೆ ಇದ್ದ ಬಾಲಕನೊಬ್ಬನನ್ನು ಕೊಂದಿತು. ಅವನು ಓಟ ನೋಡುತ್ತಲೂ ಇರಲಿಲ್ಲ.

ಮಡ್‌ಗಾರ್ಡ್ ಇಲ್ಲದ ಗಾಡಿಗೇ ಅಂಟಿದ ಇನ್ನೊಂದು ಅಪಾಯವಿದೆ. ಮುಂದಿನ ಗಾಡಿಯ ಹಿಂಚಕ್ರದ ಹಿಂಬದಿ ಮೇಲಕ್ಕೆ ತಿರುಗುತ್ತಿರುತ್ತದೆ, ಹಿಂದಿನ ಗಾಡಿಯ ಮುಂಚಕ್ರದ ಮುಂಬದಿ ಕೆಳಕ್ಕೆ. ಎರಡೂ ತಾಗಿದರೆ ರಬ್ಬರು ರಬ್ಬರನ್ನು ಹಿಡಿದು ಹಿಂದಿನ ಗಾಡಿಯ ಮೂತಿಯನ್ನು ಆಕಾಶಕ್ಕೆ ಎಸೆಯುತ್ತದೆ. ಚಾಲಕನ ಚಾತುರ್ಯ ಇಲ್ಲಿ ಏನೂ ಮಾಡಲಾರದು. ಆದ್ದರಿಂದ ಒಂದು ಸಲಕ್ಕೆ ಒಂದೇ ಗಾಡಿ ಬಿಡಿ, ಗಡಿಯಾರದ ಎದುರು ಓಡಲಿ. ಗೆಳೆಯರ ತಂಡದ ಗಾಡಿಯೂ ಬಂದಿದೆಯೆಂದು ಅಕ್ಕಪಕ್ಕ ನಿಲ್ಲಿಸಿ ಬಿಡಬೇಡಿ.

ಸ್ಟೀರಿಂಗಿನ ಮಾತು ಚಿಕ್ಕದು. ವೀಲಿನಲ್ಲಿ ಒಟ್ಟು ಸಡಿಲು 7 ಡಿಗ್ರಿ ಮೀರಬಾರದು. ಸ್ಟೀರಿಂಗ್, ಬ್ರೇಕ್, ಸಸ್ಪೆನ್ಶನ್ ಬೋಲ್ಟುಗಳು 8.8 ಗ್ರೇಡಿನವು, ನೈಲಾಕ್ ನಟ್ಟಿನ (ಒಳಗೆ ನೈಲಾನ್ ಉಂಗುರವಿದ್ದು ಸುಲಭಕ್ಕೆ ಸಡಿಲಾಗದ ನಟ್ಟು) ಹೊರಗೆ ಎರಡು ಎಳೆ ಕಾಣಬೇಕು, ಬಿಸಿಯಾಗುವ ಕಡೆ ನೈಲಾಕ್ ಬದಲು ಸೇಫ್ಟಿ ವೈರ್ ಅಥವಾ ಕಾಟರ್ ಪಿನ್. ಸ್ಪ್ರಿಂಗ್ ವಾಷರ್ ಲೆಕ್ಕಕ್ಕಿಲ್ಲ.

ಪೆಟ್ರೋಲು, ಬೆಂಕಿ, ಬಟ್ಟೆ

1919 ರ ಇಂಡಿಯಾನಾಪೊಲಿಸ್ ಓಟದಲ್ಲಿ ಲೂಯಿ ಲಕಾಕ್ ಮತ್ತು ಅವರ ಮೆಕ್ಯಾನಿಕ್ ಪಲ್ಟಿಯಾದ ಗಾಡಿಯ ಬೆಂಕಿಯಲ್ಲಿ ಸತ್ತರು. 45 ವರ್ಷಗಳ ನಂತರ, 1964 ರಲ್ಲಿ, ಅದೇ ಟ್ರ್ಯಾಕಿನಲ್ಲಿ ಡೇವ್ ಮೆಕ್‌ಡೊನಾಲ್ಡ್ ಮತ್ತು ಎಡ್ಡಿ ಸ್ಯಾಕ್ಸ್ ಎರಡನೇ ಸುತ್ತಿನಲ್ಲೇ ಬೆಂಕಿಗೆ ಬಲಿಯಾದರು. ಎರಡೂ ಗಾಡಿಗಳಲ್ಲಿ ಪೆಟ್ರೋಲು ತುಂಬಿತ್ತು. ಮುಂದಿನ ವರ್ಷದಿಂದ ಅಲ್ಲಿ ಪೆಟ್ರೋಲಿನ ಜಾಗಕ್ಕೆ ಮೆಥನಾಲ್ ಬಂತು. ಮೆಥನಾಲ್ ಬೆಂಕಿ ನೀರಿಗೆ ಆರುತ್ತದೆ, ನಿಜ, ಆದರೆ ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದಿಲ್ಲ, ಮೇಲಾಗಿ ಅದು ವಿಷ. ಕಾಲೇಜು ತಂಡ ಅದರ ಗೊಡವೆಗೆ ಹೋಗದೆ ಪೆಟ್ರೋಲನ್ನೇ ಸರಿಯಾಗಿ ಕಟ್ಟಿಹಾಕುವುದು ಲೇಸು.

ಟ್ಯಾಂಕು ಚಾಸಿಯ ಪೈಪುಗಳ ಒಳಗೇ ಕೂರಬೇಕು, ಪಕ್ಕಕ್ಕೆ ಚಾಚಬಾರದು. ಟ್ಯಾಂಕಿಗೂ ಚಾಲಕನಿಗೂ ನಡುವೆ ಲೋಹದ ಶೀಟಿನ ಗೋಡೆ, ವೈರು ಹಾಯುವ ತೂತುಗಳೆಲ್ಲ ಗ್ರೊಮೆಟ್ ಹಾಕಿ ಮುಚ್ಚಿರಬೇಕು. ಫ್ಯೂಯಲ್ ಇಂಜೆಕ್ಷನ್ ಲೈನಿಗೆ ಆ ಒತ್ತಡದ್ದೇ ಹೋಸು ಮತ್ತು ಅದರದೇ ಕ್ಲಾಂಪು ಹಾಕಿ. ಸ್ಕ್ರೂ ತಿರುಗಿಸಿ ಬಿಗಿಯುವ ಸಾದಾ ನೀರಿನ ಕ್ಲಿಪ್ಪು ಹೋಸನ್ನು ಕತ್ತರಿಸುತ್ತದೆ. ಟ್ಯಾಂಕು ತುಂಬಿ, ಎಲ್ಲ ಎಣ್ಣೆ-ನೀರು ಹಾಕಿ, ಚಾಲಕನನ್ನು ಕೂಡಿಸಿ ಗಾಡಿಯನ್ನು 60 ಡಿಗ್ರಿ ಓರೆ ಮಾಡಿ ಹಿಡಿಯಿರಿ. ಒಂದು ಹನಿಯೂ ಸೋರಬಾರದು. ಸೋರಿದರೆ ಬಹುತೇಕ ಗಾಳಿ ಹೋಗುವ ವೆಂಟಿನಿಂದಲೇ, ಅಲ್ಲಿ ಒಮ್ಮುಖ ವಾಲ್ವ್ ಇರುವುದಿಲ್ಲ.

1959 ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಚಾಲಕ ಜೆರಿ ಅನ್ಸರ್ ಅಭ್ಯಾಸದ ಅಪಘಾತದಲ್ಲಿ ಸುಟ್ಟುಕೊಂಡು ತೀರಿಹೋದ ಮೇಲೆ ಅಲ್ಲಿ ಬೆಂಕಿ ತಡೆಯುವ ಬಟ್ಟೆ ಕಡ್ಡಾಯವಾಯಿತು. ರೇಸ್ ಸೂಟಿನ ಒಳಗೆ ಪಾಲಿಯೆಸ್ಟರ್ ಟೀ ಶರ್ಟ್ ಹಾಕಿದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಬನಿಯನ್ನು, ಸಾಕ್ಸು ಎಲ್ಲ ಶುದ್ಧ ಹತ್ತಿಯದೇ ಇರಲಿ. ಮೈದಾನದಲ್ಲಿ 6 ಕಿಲೋದ ಎಬಿಸಿ ಪುಡಿಯ ಸಿಲಿಂಡರು ಕನಿಷ್ಠ ಎರಡು, ಒಂದು ಪೆಟ್ರೋಲು ತುಂಬುವ ಜಾಗದಲ್ಲಿ, ಒಂದು ಓಟದ ದೂರದ ತಿರುವಿನಲ್ಲಿ. ಪೆಟ್ರೋಲ್ ಬೆಂಕಿಗೆ ನೀರು ಎರಚಿದರೆ ಅದು ತೇಲಿಕೊಂಡು ಹರಡುತ್ತದೆ.

ಎರಡನೇ ಸೀಟು ಬೇಡವೇ ಬೇಡ

ಆ ಕಾಲದ ಗಾಡಿಗಳಲ್ಲಿ ಚಾಲಕನ ಪಕ್ಕ ಒಬ್ಬ ಮೆಕ್ಯಾನಿಕ್ ಕೂಡುತ್ತಿದ್ದ. ಎಣ್ಣೆ ಪಂಪು ಒತ್ತುವುದು, ಟೈರಿನ ಮೇಲೆ ಕಣ್ಣಿಡುವುದು, ಹಿಂದೆ ಯಾರು ಬಂದರೆಂದು ಹೇಳುವುದು ಅವನ ಕೆಲಸ. ಹ್ಯಾರೂನ್ 1911 ರಲ್ಲಿ ಅವನನ್ನು ಬಿಟ್ಟು ಒಂದು ಕನ್ನಡಿ ಕಟ್ಟಿಕೊಂಡು ಬಂದರು. ಅದೇ ಓಟದಲ್ಲಿ ಇನ್ನೊಂದು ಗಾಡಿಯಿಂದ ಎಸೆಯಲ್ಪಟ್ಟು ಸತ್ತವರು ಮೆಕ್ಯಾನಿಕ್ ಸ್ಯಾಮ್ ಡಿಕ್ಸನ್. ಆದರೂ 1912 ರಿಂದ 1922 ರವರೆಗೆ, ಮತ್ತೆ 1930 ರಿಂದ 1937 ರವರೆಗೆ, ಮೆಕ್ಯಾನಿಕ್ ಕೂಡಲೇಬೇಕೆಂಬ ನಿಯಮವಿತ್ತು. ಹಿಡಿಯಲು ಸ್ಟೀರಿಂಗ್ ಕೂಡ ಇಲ್ಲದ ಈ ಹುಡುಗರ ಹೆಸರು ಗೆದ್ದವರ ಪಟ್ಟಿಯಲ್ಲಿ ಸಿಗುವುದಿಲ್ಲ. ನಿಮ್ಮ ಗಾಡಿಯ ಸೈಡ್‌ಪಾಡ್ (ಪಕ್ಕದ ಕವಚ) ಮೇಲೆ ಕೂತು ಫೋನಿನಲ್ಲಿ ವಿಡಿಯೊ ಮಾಡುವವನು, ಇಂಜಿನ್ ಸದ್ದು ಕೇಳಲೆಂದು ಹಿಂದೆ ಜೋತುಬೀಳುವವನು ಕೂಡುವುದು ಆ ಮೆಕ್ಯಾನಿಕ್ಕಿನ ಜಾಗದಲ್ಲೇ. ಎರಡೂ ಬದಿಗೆ ಕನ್ನಡಿ ಹಾಕಿ, ಇಂಜಿನ್ನಿಗೆ ಸೆನ್ಸರ್ ಹಾಕಿ, ಅವನನ್ನು ಇಳಿಸಿ.

ನೆಲ ಮತ್ತು ಬೇಲಿ

ಗಾಡಿಗಿಂತ ನೆಲ ಹೆಚ್ಚು ಜನರನ್ನು ಕೊಂದಿದೆ ಎಂಬಂತಿತ್ತು ಆ ಕಾಲ. ಇಂಡಿಯಾನಾಪೊಲಿಸ್ ಟ್ರ್ಯಾಕನ್ನು 1909 ರಲ್ಲಿ ಪುಡಿಗಲ್ಲು ಹಾಸಿ ಮೇಲೆ ಡಾಂಬರು ಸುರಿದು ಕಟ್ಟಿದರು. ಆಗಸ್ಟಿನ ಮೊದಲ ಕಾರು ಓಟದಲ್ಲೇ ಅದು ಕಿತ್ತು ಗುಂಡಿ ಬಿತ್ತು, ಕಲ್ಲು ಸಿಡಿದು ಚಾಲಕರ ಮುಖಕ್ಕೆ ಬಡಿಯಿತು. ಮೂರು ದಿನದಲ್ಲಿ ಐವರು ಸತ್ತರು: ಚಾಲಕ ವಿಲಿಯಂ ಬರ್ಕ್, ಇಬ್ಬರು ಮೆಕ್ಯಾನಿಕ್‌ಗಳು, ಇಬ್ಬರು ಪ್ರೇಕ್ಷಕರು. ಕೊನೆಯ ದಿನದ ಓಟವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಮಾಲೀಕರು ಆ ವರ್ಷವೇ 63 ದಿನಗಳಲ್ಲಿ 32 ಲಕ್ಷ ಇಟ್ಟಿಗೆ ಹಾಸಿದರು.

ಬೇರೆಡೆ ಕಟ್ಟಿಗೆಯ ಟ್ರ್ಯಾಕುಗಳು ಎದ್ದವು. 1910 ರಲ್ಲಿ ಲಾಸ್ ಏಂಜಲೀಸ್ ಬಳಿ ಶುರುವಾಗಿ ದೇಶವಿಡೀ ಹಬ್ಬಿದವು. ಎರಡಿಂಚು-ನಾಲ್ಕಿಂಚಿನ ಪಟ್ಟಿಗಳನ್ನು ಅಂಚಿನ ಮೇಲೆ ನಿಲ್ಲಿಸಿ ಮೊಳೆ ಹೊಡೆದು, ತಿರುವುಗಳನ್ನು ಗೋಡೆಯಂತೆ ಎಬ್ಬಿಸುತ್ತಿದ್ದರು. ಮಳೆ-ಬಿಸಿಲಿಗೆ ಕೆಲವೇ ವರ್ಷದಲ್ಲಿ ಕಟ್ಟಿಗೆ ಕೊಳೆತು ತೂತು ಬೀಳುತ್ತಿತ್ತು, ಗಾಡಿಗಳು ಉಗುಳಿದ ಎಣ್ಣೆ ಮೇಲೆ ಸವರಿಕೊಳ್ಳುತ್ತಿತ್ತು. ಪೆನ್ಸಿಲ್ವೇನಿಯಾದ ಆಲ್ಟೂನಾ ಎಂಬ ಒಂದೇ ಕಟ್ಟಿಗೆ ಟ್ರ್ಯಾಕಿನಲ್ಲಿ ಇಂಡಿಯಾನಾಪೊಲಿಸ್ ಗೆದ್ದ ಮೂವರು ಸತ್ತರು: 1923 ರಲ್ಲಿ ಹೌಡಿ ವಿಲ್ಕಾಕ್ಸ್, 1924 ರಲ್ಲಿ ಜೋ ಬೋಯರ್, 1929 ರಲ್ಲಿ ರೇ ಕೀಚ್. ಮಣ್ಣಿನ ಟ್ರ್ಯಾಕೂ ಬಿಡಲಿಲ್ಲ. 1924 ರಲ್ಲಿ ಸಿರಾಕ್ಯೂಸ್‌ನಲ್ಲಿ ಜಿಮ್ಮಿ ಮರ್ಫಿ ಅವರ ಗಾಡಿ ಒಳಬದಿಯ ಕಟ್ಟಿಗೆ ಬೇಲಿಗೆ ನುಗ್ಗಿ, ಮುರಿದ ತುಂಡು ಅವರ ಎದೆಗೆ ಚುಚ್ಚಿತು.

ನಮ್ಮ ಕಡೆ ಜಾಗ ನೋಡುವಾಗ ಮಣ್ಣು ಮೊದಲು ನೋಡಿ. ನವಲಗುಂದ, ಗದಗ, ರೋಣದ ಕಡೆಯ ಎರಿ ಭೂಮಿ ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರಿಯುತ್ತದೆ, 10-13 ಇಂಚಿನ ಚಕ್ರ ಬಿರುಕಿಗೆ ಸಿಕ್ಕರೆ ಗಾಡಿ ಮುಗ್ಗರಿಸುತ್ತದೆ. ಒಂದು ಮಳೆ ಬಿದ್ದರೆ ಅದೇ ನೆಲ ಬೆಣ್ಣೆ. ಧಾರವಾಡದ ಪಶ್ಚಿಮಕ್ಕಿರುವ ಕೆಂಪು ಗರಸು ನೆಲ ವಾಸಿ, ಕಾಂಕ್ರೀಟು ಅಥವಾ ಡಾಂಬರಿನ ಖಾಸಗಿ ಅಂಗಳ ಇನ್ನೂ ವಾಸಿ. ಗರಸಾದರೆ ಹಿಂದಿನ ಸಂಜೆ ಟ್ಯಾಂಕರಿನಿಂದ ನೀರು ಹೊಡೆಸಿ, ರೋಲರ್ ಆಡಿಸಿ, ಬೆಳಿಗ್ಗೆ ಸಾಲಾಗಿ ನಡೆದು ಸಡಿಲು ಕಲ್ಲು ಆರಿಸಿ. ಸಾರ್ವಜನಿಕ ರಸ್ತೆ ಮಾತ್ರ ಬೇಡ. ಬೈಪಾಸ್ ಬೆಳಗಿನ ಜಾವ ಖಾಲಿ ಇದ್ದರೂ ಸರಕಾರದ ಒಪ್ಪಿಗೆಯಿಲ್ಲದೆ ಅಲ್ಲಿ ವೇಗದ ಪ್ರಯೋಗ ಮಾಡುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಡಿ ಅಪರಾಧ. ಜಾಗದ ಮಾಲೀಕರಿಂದಲೂ ಪೊಲೀಸರಿಂದಲೂ ಬರಹದಲ್ಲಿ ಅನುಮತಿ ಪಡೆಯಿರಿ.

ಹೊಲದ ಬದುವಿನ ಕಲ್ಲುಕಂಬ, ತಂತಿ, ಬಿದಿರ ಗಳ, ಬಾವಿಯ ಕಟ್ಟೆ ಎಲ್ಲವೂ ಮರ್ಫಿಯ ಬೇಲಿಯೇ. ಅವುಗಳಿಂದ ಎಷ್ಟು ದೂರ ಇರಬೇಕೆಂಬುದಕ್ಕೆ ಲೆಕ್ಕ ಸುಲಭ. ವೇಗವನ್ನು ಸೆಕೆಂಡಿಗೆ ಮೀಟರಿನಲ್ಲಿ ಬರೆದು ವರ್ಗ ಮಾಡಿ, ಸಡಿಲು ಗರಸಿನ ಘರ್ಷಣೆಗೆ 0.4 ಹಿಡಿದರೆ 7.8 ರಿಂದ ಭಾಗಿಸಿ. ಗಂಟೆಗೆ 60 ಕಿ.ಮೀ. ಎಂದರೆ 16.7 ಮೀ., ಜಾರುವ ದೂರ ಸುಮಾರು 36 ಮೀಟರ್. 80 ಕಿ.ಮೀ. ಆದರೆ 63 ಮೀಟರ್. ಇದರ ಎರಡು ಪಟ್ಟು ಬಯಲು ಸಿಗದಿದ್ದರೆ ಕೋನುಗಳನ್ನು ಹಾವಿನ ನಡೆಯಂತೆ ಇಟ್ಟು ವೇಗ ಇಳಿಸಿ. ತಪ್ಪಿಸಲಾಗದ ಕಂಬವಿದ್ದರೆ ಅದರ ಮುಂದೆ ಹಳೆ ಟೈರುಗಳನ್ನು ಮೂರು ಸಾಲು ಪೇರಿಸಿ, ಒಂದಕ್ಕೊಂದು ಬೋಲ್ಟು ಹಾಕಿ. ಬಿಡಿ ಟೈರುಗಳು ಪೆಟ್ಟಿಗೆ ಚೆದುರಿ ತಾವೇ ಹಾರುತ್ತವೆ.

ಜನರನ್ನು ಹಿಡಿದಿಡುವುದು ಎಲ್ಲಕ್ಕಿಂತ ಕಷ್ಟ. ಹಾವೇರಿ ಸೀಮೆಯ ಹೋರಿ ಬೆದರಿಸುವ ಅಖಾಡದಲ್ಲಿ, ಚಕ್ಕಡಿ ಓಟದಲ್ಲಿ, ಜನ ಅಂಚಿಗೇ ನಿಂತು ಕೊನೇ ಗಳಿಗೆಯಲ್ಲಿ ಸರಿಯುವುದಕ್ಕೆ ಪಳಗಿದ್ದಾರೆ. 60 ಕಿ.ಮೀ. ವೇಗದ ಗಾಡಿ ಕಣ್ಣು ಮಿಟುಕಿಸಿ ತೆರೆಯುವಷ್ಟರಲ್ಲಿ ಐದಾರು ಮೀಟರ್ ಬಂದಿರುತ್ತದೆ. ತಿರುವಿನ ಹೊರಬದಿಯಲ್ಲಿ ಒಬ್ಬರೂ ನಿಲ್ಲಕೂಡದು, ಕ್ಯಾಮೆರಾ ಹಿಡಿದವರೂ ಸಹ. ನೋಡುವವರೆಲ್ಲ ಒಂದೇ ಕಡೆ, ಶುರುವಿನ ಗೆರೆಯ ಹಿಂದೆ, ಎದೆಮಟ್ಟದ ಮಣ್ಣಿನ ಒಡ್ಡಿನ ಆಚೆ ಇರಲಿ. ಹಗ್ಗ ಕಟ್ಟಿದರೆ ಜನ ನಿಂತಾರು, ಉರುಳುವ ಚಕ್ರ ನಿಲ್ಲದು. ಅದಕ್ಕೆ ಒಡ್ಡೇ ಬೇಕು.

ಓಟದ ದಿನ

ಗಾಡಿ ಇಳಿಸುವ ಮೊದಲು ಆಂಬುಲೆನ್ಸ್ ಬಂದು ನಿಂತಿರಬೇಕು. ಮೈದಾನದಿಂದ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಗೋ ಹತ್ತಿರದ ದೊಡ್ಡಾಸ್ಪತ್ರೆಗೋ ದಾರಿಯನ್ನು ಹಿಂದಿನ ದಿನ ಒಮ್ಮೆ ಓಡಿಸಿ ನೋಡಿ, ರೈಲ್ವೆ ಗೇಟು ಬರುತ್ತದೆಯೇ ತಿಳಿದಿರಲಿ. ಕೆಂಪು ಬಾವುಟ ಹಿಡಿಯುವವರು ಒಬ್ಬರೇ, ಅವರು ತಂಡದ ನಾಯಕರೂ ಅಲ್ಲ, ಚಾಲಕರೂ ಅಲ್ಲ. ಅವರು ಬಾವುಟ ಎತ್ತಿದ ಮೇಲೆ ವಾದವಿಲ್ಲ. ಪ್ರತಿ ಚಾಲಕ ಬೆಲ್ಟು ಪೂರ್ತಿ ಬಿಗಿದು, ಸ್ಟೀರಿಂಗ್ ಹಿಡಿದು ಕೂತಲ್ಲಿಂದ 5 ಸೆಕೆಂಡಿನಲ್ಲಿ ಹೊರಗೆ ಎರಡೂ ಕಾಲೂರಿ ನಿಂತು ತೋರಿಸಬೇಕು: ಸ್ವಿಚ್ ಒತ್ತು, ಸ್ಟೀರಿಂಗ್ ಕಳಚು, ಬಕಲ್ ತಿರುಗಿಸು, ಏಳು. ಕಣ್ಣು ಮುಚ್ಚಿಯೂ ಒಮ್ಮೆ ಮಾಡಿಸಿ, ಹೊಗೆಯಲ್ಲಿ ಏನೂ ಕಾಣುವುದಿಲ್ಲ. ಹೊಸ ಶೂ ಪೆಡಲಿಗೆ ಸಿಕ್ಕಿಕೊಳ್ಳುವುದು ಇಲ್ಲಿಯೇ ಗೊತ್ತಾಗುವುದು.

ಮಧ್ಯಾಹ್ನ ಮೂರರ ನಂತರ ಮೋಡ ಕಟ್ಟಿ ಬಿರುಗಾಳಿ ಎದ್ದರೆ ಅಂದಿನ ಓಟ ಮುಗಿಯಿತೆಂದೇ ತಿಳಿಯಿರಿ. ಕೊನೆಯ ಓಟದ ಮೇಲೆ ಗಾಡಿ ಆರಲಿ, ನಂತರ ಪೆಟ್ರೋಲನ್ನು ಲೋಹದ ಡಬ್ಬಕ್ಕೆ ಇಳಿಸಿ, ಬ್ಯಾಟರಿಯ ಮೈನಸ್ ಬಿಚ್ಚಿ, ಚಕ್ರದ ನಟ್ಟುಗಳಿಗೆ ಮತ್ತೆ ಟಾರ್ಕ್ ಪಾನಾ ಹಾಕಿ, ಯಾವ ನಟ್ಟು ಎಷ್ಟು ತಿರುಗಿತೆಂದು ಪುಸ್ತಕದಲ್ಲಿ ಬರೆಯಿರಿ. ಎರಡನೇ ಸಲವೂ ಅದೇ ನಟ್ಟು ತಿರುಗಿದರೆ ಸ್ಟಡ್ಡು ಬದಲಿಸಿ.